ಶಾಸನದೊಳಗಿನ ಅಂಗಡಿ ಸಾಲು: ಮುದಗಲ್ಲಿನ ಪೇಟೆಯಲ್ಲಿ ನಿಂತು ಓದಿದ್ದು

ಮುದಗಲ್ ಕೋಟೆಯ ಫತೇ ದರ್ವಾಜಾದ ಹತ್ತಿರ ಬುರುಜಿನ ಕಲ್ಲಿನ ಮೇಲಿರುವ ಕನ್ನಡ ಅಕ್ಷರಗಳನ್ನು ನೋಡುತ್ತಾ ನಿಂತಿದ್ದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತು, ಅಕ್ಷರ ಚೆನ್ನಾಗಿ ಎದ್ದು ಕಾಣುವ ಹೊತ್ತೂ ಅದೇ. ಬಾಳೆಹಣ್ಣಿನ ತಳ್ಳುಗಾಡಿಯವರೊಬ್ಬರು ಗಾಡಿ ನಿಲ್ಲಿಸಿ ಬಂದು ಪಕ್ಕದಲ್ಲೇ ನಿಂತರು. "ಏನ್ ಬರದಾರ್ರೀ ಸರ? ನಮ್ದೇನರ ಐತೇನು ಇದ್ರಾಗ?"

"ಇಲ್ರೀ ಅಣ್ಣಾ, ಇದು ಕೋಟೆದು," ಅಂದೆ. ಅವರು ನಕ್ಕು ಹೋದರು. ಊರಿಗೆ ವಾಪಸು ಬಸ್ ಹತ್ತಿದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಾನು ಕೊಟ್ಟ ಉತ್ತರ ಸುಳ್ಳಲ್ಲ, ಆದ್ರೆ ಅರ್ಧ ಮಾತ್ರ. ಶಾಸನಗಳಲ್ಲಿ ತಳ್ಳುಗಾಡಿಯವರ ಪೂರ್ವಜರು ಇದ್ದಾರೆ, ಬೇಕಾದಷ್ಟು ಇದ್ದಾರೆ. ನಾವು ಅವರನ್ನು ಹುಡುಕೋದು ತಪ್ಪು ಜಾಗದಲ್ಲಿ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನ ಕಥೆಯನ್ನು ನಾವೆಲ್ಲ ಓದಿರೋದು ಯುದ್ಧಗಳ ಪಟ್ಟಿಯಾಗಿ. ಸೇವುಣರ ಶಾಸನಗಳು ಮುದಗಲ್ ಸುತ್ತಮುತ್ತ ಸಿಕ್ಕಿವೆ. 14ನೇ ಶತಮಾನದ ಆರಂಭಕ್ಕೆ ಇದು ಕಾಕತೀಯರ ಗಡಿಠಾಣೆ. ಆಮೇಲೆ ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದಾಗ ಒಂದು ಕಡೆ, ಅವನು ತೀರಿಕೊಂಡ ಮೇಲೆ ಇನ್ನೊಂದು ಕಡೆ. ಕೋಟೆಯ ಕಲ್ಲುಗಳೇ ಈ ಕೈ ಬದಲಾವಣೆಯನ್ನು ಹೇಳುತ್ತವೆ. ಹಳೆಯ ಕಟ್ಟಡದ ವರಸೆಗಳ ಮೇಲೆ ಕಮಾನಿನಾಕಾರದ ಕೈಪಿಡಿಗೋಡೆ, ಗುಡಿಯ ಕಂಬಗಳನ್ನೇ ಹೊತ್ತ ಮಸೀದಿ, ತೋಪುಗಳು ಬಂದ ಮೇಲೆ ಮತ್ತೆ ಕಟ್ಟಿದ ಎರಡು ಸಾಲು ಬುರುಜು.

ಈ ಯುದ್ಧಗಳಲ್ಲೊಂದು ಶುರುವಾದದ್ದೇ ಪೇಟೆಯಿಂದ ಅನ್ನೋದು ತಮಾಷೆ. 1406ರ ಸುಮಾರಿಗೆ ಒಂದನೇ ದೇವರಾಯನಿಗೂ ಫಿರೋಜ್ ಶಾಹ ಬಹಮನಿಗೂ ನಡೆದ ಕಾಳಗಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳೇ ಕಾರಣ ಎಂದು ಫರಿಶ್ತಾ ಬರೆದಿದ್ದಾನೆ. ಅವನು ಬರೆದದ್ದು ಇನ್ನೂರು ವರ್ಷ ಆದ ಮೇಲೆ. ಕಥೆಯನ್ನು ಎಷ್ಟು ನಂಬಬೇಕು ಅನ್ನೋದು ಬೇರೆ ಮಾತು. ನನಗೆ ಅದರಲ್ಲಿ ಮುಖ್ಯವಾಗಿ ಕಾಣೋದು ಬೇರೆ: ಮುದಗಲ್ ಅಂದ ಕೂಡಲೇ ಚರಿತ್ರೆಕಾರನಿಗೆ ಅಕ್ಕಸಾಲಿಗರ ಮನೆ ಇರುವ ಊರು ಅನ್ನೋದು ಸಹಜವಾಗಿ ತೋಚಿದೆ. ಹಟ್ಟಿಯ ಚಿನ್ನದ ಗಣಿ ಇದೇ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಕೂಡ ಚಿನ್ನ ಹುಡುಕುತ್ತಾ ಬಂದ ಗಣಿ ಎಂಜಿನಿಯರೇ.

ಸರಿ, ಅಂಗಡಿಯವರು ಎಲ್ಲಿ ಸಿಗ್ತಾರೆ? ಕೋಟೆ ಬಾಗಿಲಲ್ಲಿ ಅಲ್ಲ, ಗುಡಿಯ ಮುಂದಿನ ಕಲ್ಲಿನಲ್ಲಿ. 11ರಿಂದ 13ನೇ ಶತಮಾನದ ಕಲ್ಯಾಣ ಚಾಲುಕ್ಯ, ಸೇವುಣ ಕಾಲದ ದಾನಶಾಸನ ತೆಗೆದುಕೊಳ್ಳಿ. ಮೊದಲ ಅರ್ಧದಲ್ಲಿ ರಾಜನ ಬಿರುದುಗಳು, ಮಾಂಡಲಿಕನ ವಂಶ, ಗುರುಪರಂಪರೆ. ನಮ್ಮಲ್ಲಿ ಬಹಳ ಜನ ಇಲ್ಲಿಗೇ ಓದು ನಿಲ್ಲಿಸಿಬಿಡ್ತೇವೆ, ಯಾಕಂದ್ರೆ ತೇದಿ ಸಿಕ್ತು, ರಾಜ ಸಿಕ್ಕ. ಮಜಾ ಇರೋದು ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ. ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಅಡಿಕೆಯ ಹೇರಿಗೆ ಇಷ್ಟು ಅಡಿಕೆ, ಅಂಗಡಿಗೆ ವರ್ಷಕ್ಕೆ ಇಷ್ಟು ಹಾಗ, ಮಗ್ಗಕ್ಕೆ ಇಷ್ಟು ವೀಸ. ಹಾಗ ಅಂದ್ರೆ ಪಣದ ಕಾಲು ಭಾಗ, ವೀಸ ಅಂದ್ರೆ ಹದಿನಾರನೇ ಒಂದು ಭಾಗ. ಹೇರು ಅಂದ್ರೆ ಎತ್ತಿನ ಬೆನ್ನ ಮೇಲಿನ ಹೊರೆ. ಈ ಸಾಲುಗಳು ದೇವರ ದೀಪದ ಲೆಕ್ಕ ಹೌದು. ಜತೆಗೆ ಆ ಊರಿನ ಪೇಟೆಯಲ್ಲಿ ಏನೇನು ಮಾರಾಟಕ್ಕಿತ್ತು ಅನ್ನೋದಕ್ಕೆ ನಮಗಿರುವ ಅತ್ಯಂತ ಒಳ್ಳೆಯ ಪಟ್ಟಿ. ಉಪ್ಪು, ಮೆಣಸು, ಅರಿಶಿನ, ಬಟ್ಟೆ, ಬೆಲ್ಲ ಒಂದೊಂದೂ ಹೆಸರಿಸಿ ಬರುತ್ತದೆ.

ಇದನ್ನು ಬರೀ ತೆರಿಗೆ ಎಂದು ಓದಿದರೆ ತಪ್ಪುತ್ತೇವೆ. ಸುಂಕ ಬೇರೆ ಇತ್ತು: ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳಲ್ಲಿ ಅರಸನ ಸುಂಕವೆರ್ಗಡೆಗಳು ಎತ್ತುತ್ತಿದ್ದದ್ದು. ಅಂಗಡಿಗೆ ಒಂದು ಹಾಗ ಎಂಬ ಈ ದಾನವನ್ನು ಬಹಳ ಕಡೆ ಕೊಡುವವರು ಪೇಟೆಯವರೇ. ಕೊಡುವವರ ಹೆಸರುಗಳನ್ನು ನೋಡಿ: ನಖರಗಳು, ಮುಮ್ಮುರಿದಂಡಗಳು, ಉಭಯ ನಾನಾದೇಶಿಗಳು, ಸೆಟ್ಟಿಗುತ್ತರು, ತೆಲ್ಲಿಗ ಅಯ್ವತ್ತೊಕ್ಕಲು. ಕೊನೆಯದು ಗಾಣಿಗರ ಐವತ್ತು ಮನೆಗಳ ಸಂಘ. ಇವರೆಲ್ಲ ಒಂದೆಡೆ ಸೇರಿ, ತಮ್ಮ ಮೇಲೆ ತಾವೇ ದರ ಹಾಕಿಕೊಂಡು, ಅದನ್ನು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಕಲ್ಲಿಗೆ ಹಾಕಿಸುತ್ತಿದ್ದರು. ದರ ಕಲ್ಲಿನ ಮೇಲಿದೆ ಅಂದ ಮೇಲೆ ನಾಳೆ ಬಂದವನು ಎರಡು ಹಾಗ ಕೊಡು ಅನ್ನುವಂತಿಲ್ಲ. ಸಣ್ಣ ವ್ಯಾಪಾರಿಗೆ ಇದು ಎಷ್ಟು ದೊಡ್ಡ ಸಂಗತಿ ಅನ್ನೋದು ಸಂತೆಯಲ್ಲಿ ಚೀಟಿ ಇಲ್ಲದೆ ಜಾಗದ ದುಡ್ಡು ಕೊಟ್ಟವರಿಗೆ ಗೊತ್ತು.

ಈ ಸಂಘಗಳಲ್ಲೆಲ್ಲ ಹೆಸರಾದದ್ದು ಅಯ್ಯಾವೊಳೆಯ ಐನೂರ್ವರು. ಅಯ್ಯಾವೊಳೆ ಅಂದ್ರೆ ಇವತ್ತಿನ ಐಹೊಳೆ. ಮುದಗಲ್ಲಿನಿಂದ ಪಡುವಣಕ್ಕೆ ಹೊರಟರೆ ಇಳಕಲ್ ದಾಟಿ ಹುನಗುಂದ ಸೀಮೆ ಸಿಗುತ್ತದೆ, ಅಲ್ಲೇ ಮಲಪ್ರಭೆಯ ದಂಡೆಯಲ್ಲಿ ಅದು. ತಮಿಳುನಾಡು, ಸಿಂಹಳ, ಸುಮಾತ್ರದವರೆಗೆ ಹೆಸರು ಕೇಳಿಬರುವ ಸಂಘ ನಮ್ಮ ಪಕ್ಕದೂರಿನದು! ಆದರೂ ನನಗೆ ಐನೂರ್ವರ ಸಮುದ್ರಯಾನಕ್ಕಿಂತ ಅವರು ಊರೊಳಗೆ ಮಾಡಿದ್ದು ಹೆಚ್ಚು ಹತ್ತಿರ. ಡಂಬಳದ 1095ರ ಶಾಸನ ನೋಡಿ. ಅಂದಿನ ಧರ್ಮವೊಳಲಿನ ಹದಿನಾರು ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ ಸುದ್ದಿ ಅದರಲ್ಲಿದೆ. ಬೌದ್ಧರು ಕರ್ನಾಟಕದಲ್ಲಿ ಅಪರೂಪವಾಗಿದ್ದ ಕಾಲ ಅದು. ಬೇರೆ ಊರುಗಳಲ್ಲಿ ಇಂಥವೇ ವ್ಯಾಪಾರಿ ಸಂಘಗಳು ಶಿವಾಲಯಕ್ಕೂ ಬಸದಿಗೂ ಕೊಟ್ಟಿವೆ. ಪೇಟೆ ಅಂದ್ರೆ ಗಿರಾಕಿಗಳ ಜಾಗ, ಅಲ್ಲಿಗೆ ಯಾರು ಬೇಕಾದರೂ ಬರಬೇಕು.

ಪೇಟೆಗೂ ಅರಸನಿಗೂ ಏನು ಒಪ್ಪಂದ ಅನ್ನೋದು ಇನ್ನೂ ಹಿಂದಿನ ಒಂದು ಶಾಸನದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಲಕ್ಷ್ಮೇಶ್ವರದ್ದು, ಸುಮಾರು 725ನೇ ಇಸವಿಯದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ, ಅಂದ್ರೆ ಪುಲಿಗೆರೆಯ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ. ಇಲ್ಲಿ 'ನಗರ' ಅಂದ್ರೆ ಊರಲ್ಲ, ವರ್ತಕರ ಸಭೆ. ಶಾಸನ ಓದಲು ಹೊಸದಾಗಿ ಕಲಿಯುವವರು ಎಡವುವ ಶಬ್ದ ಇದು. ಹದಿನೆಂಟು ಪ್ರಕೃತಿ ಅಂದ್ರೆ ಊರಿನ ನಾನಾ ಕಸುಬಿನ ಜನ. ರಾಜಪುರುಷರು ಏನು ಕಾಯಬೇಕು ಅನ್ನೋದನ್ನು ಶಾಸನ ಮೊದಲು ಹೇಳುತ್ತದೆ. ಯಜಮಾನರಿಲ್ಲದ ಮನೆ, ಅರಸರು ಹಿಂದೆ ಕೊಟ್ಟ ದತ್ತಿ, ಊರಿನ ರೂಢಿ ಮರ್ಯಾದೆ, ಅನುಭವಿಸುತ್ತಾ ಬಂದ ಆಸ್ತಿ. ಆಮೇಲೆ ಮನೆಗಳು ಕೊಡಬೇಕಾದ ತೆರಿಗೆ, ಅದೂ ಎಲ್ಲರಿಗೂ ಒಂದೇ ಸಮ ಅಲ್ಲ, ಶಕ್ತಿ ನೋಡಿ ದರ್ಜೆ. ಕಳವು ಮುಂತಾದ ಸಣ್ಣಪುಟ್ಟ ತಪ್ಪುಗಳ ದಂಡ ಊರಿನ ಶ್ರೇಣಿಗೆ ಸಂದಾಯವಾಗಬೇಕು.

ನನಗೆ ಈ ಶಾಸನದಲ್ಲಿ ಯಾವಾಗಲೂ ಹಿಡಿಸೋದು ಅದರ ಅನುಕ್ರಮ. ಸರ್ಕಾರದ ಹೊಣೆ ಮೊದಲು, ಜನರ ತೆರಿಗೆ ಆಮೇಲೆ. ಇದನ್ನು ಪ್ರಜಾಪ್ರಭುತ್ವ ಅಂತ ಹಿಗ್ಗಿಸೋದು ಬೇಡ. ಕೂಲಿಯವರು, ಹೆಂಗಸರು, ಊರ ಹೊರಗಿದ್ದವರು ಆ ಸಭೆಯಲ್ಲಿ ಕೂತಿರಲಿಲ್ಲ, ಸೆಟ್ಟಿಗಳೂ ಮಹಾಜನರೂ ಕೂತಿದ್ದರು. ಆದರೂ ಪೇಟೆಯ ರೂಢಿ ಅನ್ನೋದು ಅರಸನೇ ಕಾಪಾಡಬೇಕಾದ ವಸ್ತು ಅಂತ ಬರೆಸಿದ್ದು ಸಣ್ಣ ಮಾತಲ್ಲ.

ಸೆಟ್ಟಿಗಳು ಬಲವಾದವರು, ಅವರ ಮಾತು ನಡೀತಿತ್ತು. ಒಂದು ಕನ್ನಡಿ, ಒಂದು ಕತ್ತಿ ಇಟ್ಟುಕೊಂಡು ಕೂತವರ ಗತಿ? ಅದಕ್ಕೆ ವಿಜಯನಗರ ಕಾಲಕ್ಕೆ ಬರಬೇಕು. ಸದಾಶಿವರಾಯನ ಆಳ್ವಿಕೆಯಲ್ಲಿ ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಲಿತ್ತು. ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕನ ಕೆಲಸಕ್ಕೆ ರಾಮರಾಯ ಮೆಚ್ಚಿ, ನಾವಿದರಿಗೆ ತೆರಿಗೆ ಮಾಫಿ ಮಾಡಿದ. ಬಾದಾಮಿಯ ಶಾಸನ ಬಿಟ್ಟಿ ಕೆಲಸದಿಂದಲೂ, ಮಹಾನವಮಿಗೆ ಪಂಜು ಕೊಡುವ ಹೊರೆಯಿಂದಲೂ ಅವರನ್ನು ಬಿಡುಗಡೆ ಮಾಡುತ್ತದೆ. ಇದೇ ಆಜ್ಞೆಯ ಕಲ್ಲುಗಳು ಕರ್ನಾಟಕದ ಹಲವು ಊರುಗಳಲ್ಲಿ ಸಿಕ್ಕಿವೆ. ಕೆಲವದರ ನೆತ್ತಿಯಲ್ಲಿ ಸೂರ್ಯಚಂದ್ರರ ಜಾಗದ ಆಸುಪಾಸು ಕ್ಷೌರದ ಕತ್ತಿ, ಕನ್ನಡಿಯಂಥ ಸಲಕರಣೆಗಳನ್ನೇ ಕೆತ್ತಿದ್ದಾರೆ. ಓದು ಬಾರದವನಿಗೂ ಇದು ತನ್ನ ಕಲ್ಲು ಎಂದು ಗೊತ್ತಾಗಬೇಕಲ್ಲ! ಸುಂಕದವನು ಬಂದರೆ ಕೈ ಮಾಡಿ ತೋರಿಸಬಹುದು. ಒಬ್ಬ ಕಸುಬುದಾರ ದೊರೆಯ ಹತ್ತಿರ ಹೋಗಿ ತನಗಷ್ಟೇ ಮಾನ್ಯ ಕೇಳದೆ, ಇಡೀ ಕುಲಕ್ಕೆ ಮಾಫಿ ಪಡೆದದ್ದು ನಮ್ಮ ಶಾಸನಗಳಲ್ಲಿ ವಿರಳ.

ಈಗ ಮುದಗಲ್ಲಿಗೆ ವಾಪಸು ಬರೋಣ. ಇಲ್ಲಿನ ಪೇಟೆಯ ಕಳೆ ನೋಡಬೇಕಂದ್ರೆ ಮೊಹರಮ್‌ಗೆ ಬರಬೇಕು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಜಾತಿ ಅಂತ ಕೇಳುವವರಿಲ್ಲ. ಸುತ್ತಲ ಜಿಲ್ಲೆಗಳಿಂದ ಹರಕೆ ಹೊತ್ತವರು ಬರ್ತಾರೆ, ಚೋಂಗೆ, ಸಕ್ಕರೆ, ಊದು, ಬಳೆ, ಮಂಡಕ್ಕಿ, ಮಿರ್ಚಿ ಎಲ್ಲದರ ವ್ಯಾಪಾರ. ಡಂಬಳದ ಹದಿನಾರು ಸೆಟ್ಟಿಗಳಿಗೆ ಈ ನೋಟ ಅಪರಿಚಿತ ಅನ್ನಿಸುತ್ತಿರಲಿಲ್ಲ.

ಆದರೆ ಪರಂಪರೆ ಪ್ರೇಮಿಗಳಾದ ನಾವು ಬಂದಾಗ ಏನು ಮಾಡ್ತೇವೆ? ಫೋಟೋದಲ್ಲಿ ಗಾಡಿ ಬರಬಾರದು ಅಂತ ಕ್ಯಾಮೆರಾ ಓರೆ ಮಾಡ್ತೇವೆ. ಎಷ್ಟೋ ಊರಲ್ಲಿ ಸ್ಮಾರಕದ 'ಅಂದ' ಹೆಚ್ಚಿಸುವ ಹೆಸರಲ್ಲಿ ಮೊದಲು ಎದ್ದು ಹೋಗೋದು ಹೂವಿನವರು, ಕಾಯಿಯವರು, ಚಹಾದವರು. ನಾನೂ ಹಿಂದೆ ಹಾಗೆ ಬರೆದವನೇ, 'ಒತ್ತುವರಿ' ಅನ್ನುವ ಶಬ್ದ ಸಲೀಸಾಗಿ ಬಳಸಿದ್ದೇನೆ. ಒತ್ತುವರಿ ಇಲ್ಲವೇ ಇಲ್ಲ ಅಂತಲ್ಲ; ಕಂದಕಕ್ಕೆ ಮಣ್ಣು ತುಂಬಿ ಗೋಡೆ ಎಬ್ಬಿಸೋದು ಒಂದು, ಬಾಗಿಲ ಮುಂದೆ ಹಗಲು ಹಣ್ಣು ಮಾರಿ ಸಂಜೆ ಗಾಡಿ ಒಯ್ಯೋದು ಇನ್ನೊಂದು.

ನಮ್ಮ ಕಾಲದ ಆಚಾರವ್ಯವಸ್ಥೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಊರಿನ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪುಲಿಗೆರೆಯ ನಗರಸಭೆಯಲ್ಲಿ ಇಲ್ಲದ್ದು ಇದು. 2020ರಲ್ಲಿ ಸ್ವನಿಧಿ ಯೋಜನೆ ಶುರುವಾದಾಗ ಮೊದಲ ಕಂತಿಗೆ 10,000 ರೂಪಾಯಿ ಸಾಲ ಸಿಗುತ್ತಿತ್ತು, ತೀರಿಸಿದರೆ ಮುಂದೆ ಹೆಚ್ಚು.

ಶಾಸನಾಸಕ್ತರು ಗಮನಿಸಬೇಕಾದ ಅಂಶ ಕಾಯ್ದೆಯ ಅನುಸೂಚಿಯಲ್ಲಿದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದುಕೊಂಡು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎನ್ನುತ್ತದೆ ಅದು. ಐವತ್ತು ವರ್ಷ! ನಾವು ಎಂಟುನೂರು ವರ್ಷದ ಕಲ್ಲಿಗೆ ಸಾಕ್ಷ್ಯ ಹುಡುಕುವ ಜನ, ಐವತ್ತು ವರ್ಷದ ಸಂತೆಗೆ ಹುಡುಕೋದು ಕಷ್ಟವೇ? ಸಂತೆ ಹರಾಜಿನ ಹಳೆಯ ರಸೀದಿ, ನಿಜಾಮರ ಕಾಲದ ಉರ್ದು ಕಾಗದ, ಮನೆಯ ಗೋಡೆಯ ಮೇಲಿನ ಕಪ್ಪುಬಿಳುಪು ಫೋಟೋ, ಅಜ್ಜಿಯೊಬ್ಬಳು ತಾನು ಎಲ್ಲಿ ಕೂತು ಎಲೆ ಮಾರುತ್ತಿದ್ದೆ ಅನ್ನೋ ನೆನಪು, ಇವೆಲ್ಲ ಸಮಿತಿಯ ಮುಂದೆ ಇಡಬಹುದಾದ ದಾಖಲೆಗಳೇ. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಡೆಯವರು ಶಾಸನ ನೋಡಲು ಹೋದಾಗ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ ಇದಕ್ಕೂ ಇಡಿ: ಕಲ್ಲಿನ ಹತ್ತಿರ ಯಾವ ಅಂಗಡಿ, ಎಷ್ಟು ವರ್ಷದಿಂದ, ಅವರಿಗಿಂತ ಮೊದಲು ಯಾರು. ಹೆಸರು ಬರೆಯುವ ಮುಂಚೆ ಅವರನ್ನು ಕೇಳಿ. ತಪ್ಪು ಕೈಗೆ ಸಿಕ್ಕರೆ ಅದೇ ಪಟ್ಟಿ ಅವರನ್ನು ಎಬ್ಬಿಸಲೂ ಬಳಕೆಯಾದೀತು.

ಎರಡನೇ ಸಲ ಹೋದಾಗ ಬಾಳೆಹಣ್ಣಿನವರು ಅಲ್ಲೇ ಇದ್ದರು. ಕೊಂಡೋಜನ ಕಥೆ ಹೇಳಿದೆ, ಕಲ್ಲಿನ ಮೇಲಿನ ಕತ್ತಿ ಕನ್ನಡಿಯದೂ ಹೇಳಿದೆ. ಬಹಳ ಹೊತ್ತು ಕೇಳಿ, "ತಕ್ಕಡಿ ಕೆತ್ತಿದ್ದು ಎಲ್ಲೆರ ಐತೇನ್ರೀ ಸರ?" ಅಂದರು. ಹುಡುಕ್ತೀನಿ ಅಂತ ಹೇಳಿ ಬಂದಿದ್ದೇನೆ. ನಿಮ್ಮೂರಿನ ಶಾಸನದಲ್ಲಿ ತಕ್ಕಡಿಯ ಚಿತ್ರ ಕಂಡವರಿದ್ದರೆ, ಅಳತೆಯೂ ಫೋಟೋವೂ ತೆಗೆದಿಡಿ.