ಏಡಿಚಿಪ್ಪಿನ ಸಕ್ಕರೆಯೂ ನಿಲ್ಲದ ರಕ್ತವೂ

ಗಾಯಕ್ಕೆ ಸಿರಿಂಜಿನಿಂದ ಜೆಲ್ ತುಂಬಿದ ತಕ್ಷಣ ರಕ್ತ ನಿಲ್ಲುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನ್ಯೂಯಾರ್ಕ್‌ನ ಕ್ರೆಸಿಲಾನ್ ಕಂಪನಿಯ ಇಂಥದೊಂದು ಜೆಲ್‌ಗೆ, ಟ್ರಾಮಾಜೆಲ್‌ಗೆ, 2024ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿಯೂ ದೊರೆಯಿತು. ಇದರ ಕಲ್ಪನೆ ಹೊಳೆದಾಗ ಕಂಪನಿಯ ಸಂಸ್ಥಾಪಕ ಜೋ ಲ್ಯಾಂಡೊಲಿನಾಗೆ ಬರೀ 17 ವರ್ಷ. ಹಾಗಾಗಿ ‘ಪವಾಡ’ ಎಂಬ ಮಾತು ಹಬ್ಬಿತು.

ಆದರೆ ಒಳಗಿರುವ ಸರಕು ಹಳೆಯದೇ: ಕಡಲಪಾಚಿಯ ಆಲ್ಜಿನೇಟ್ ಮತ್ತು ಕೈಟೊಸಾನ್. ಎರಡೂ ಸಕ್ಕರೆಯ ಅಣುಗಳು ಸರಪಳಿಯಾಗಿ ಹೆಣೆದ ಪಾಲಿಸ್ಯಾಕರೈಡ್‌ಗಳು. 1811ರಲ್ಲಿ ಫ್ರಾನ್ಸಿನ ಬ್ರಾಕೊನೊ ಅಣಬೆಯಲ್ಲಿ ಕೈಟಿನ್ ಕಂಡ. 1859ರಲ್ಲಿ ರೂಜೆ ಅದನ್ನು ಕ್ಷಾರದಲ್ಲಿ ಕುದಿಸಿ ಕೈಟೊಸಾನ್ ಪಡೆದ. ಈಗ ಅದು ಹೆಚ್ಚಾಗಿ ಸಿಗುವುದು ಸಿಗಡಿ, ಏಡಿಗಳ ಬಿಸಾಡುವ ಚಿಪ್ಪಿನಿಂದ.

ರಕ್ತ ಹೆಪ್ಪುಗಟ್ಟುವುದು ಸರ್ಕಾರಿ ಕಚೇರಿಯ ಕಡತದಂತೆ. ಒಂದು ಪ್ರೋಟೀನು ಸಹಿ ಹಾಕಿದರಷ್ಟೇ ಮುಂದಿನದು ಎಚ್ಚರಗೊಳ್ಳುತ್ತದೆ. ಹೀಗೆ ಮೇಜಿನಿಂದ ಮೇಜಿಗೆ ಸಾಗಿ ಕೊನೆಗೆ ಫೈಬ್ರಿನ್ ಎಳೆಗಳ ಬಲೆ ಮಂಜೂರಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಔಷಧ ತೆಗೆದುಕೊಳ್ಳುವವರಲ್ಲಿ ನಡುವಿನ ಗುಮಾಸ್ತರು ರಜೆಯಲ್ಲಿರುತ್ತಾರೆ, ಕಡತ ಅಲ್ಲೇ ಕೂರುತ್ತದೆ. ಕೈಟೊಸಾನ್ ಕಚೇರಿಯ ಬಾಗಿಲನ್ನೇ ತುಳಿಯುವುದಿಲ್ಲ. ಅದರದು ಧನ ವಿದ್ಯುದಂಶ, ಕೆಂಪು ರಕ್ತಕಣದ ಹೊರಮೈಯದು ಋಣ. ಕಣಗಳು ನೇರವಾಗಿ ಬಂದು ಅಂಟಿ ಮುದ್ದೆಯಾಗಿ ತೂತು ಮುಚ್ಚುತ್ತವೆ. ಹೆಪರಿನ್ ಬೆರೆತ ರಕ್ತದಲ್ಲೂ ಇದು ನಡೆಯುವುದು ಅದಕ್ಕೇ.

ಕ್ಯಾಲ್ಸಿಯಂ ಆಲ್ಜಿನೇಟ್ ಪಟ್ಟಿಯದು ಬೇರೆ ಜಾಣತನ. ರಕ್ತದ ಸೋಡಿಯಂ ಪಡೆದು ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ತಾನು ಜೆಲ್ ಆಗುತ್ತದೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು.

ಇರಾಕ್ ಯುದ್ಧದ ಆರಂಭದಲ್ಲಿ ಅಮೆರಿಕದ ಸೈನಿಕರ ಬಳಿ ರಕ್ತ ನಿಲ್ಲಿಸಲು ಜಿಯೊಲೈಟ್ ಎಂಬ ಖನಿಜದ ಹರಳುಗಳಿದ್ದವು. ನೀರು ಹೀರಿ ಕಾದು ಚರ್ಮವನ್ನೇ ಸುಟ್ಟ ಉದಾಹರಣೆಗಳುಂಟು. ಕೈಟೊಸಾನ್‌ಗೆ ಆ ಚಾಳಿಯಿಲ್ಲ. ನಮ್ಮಲ್ಲಿ ಆಕ್ಸಿಯೊ ಬಯೊಸೊಲ್ಯೂಷನ್ಸ್‌ನ ಆಕ್ಸಿಯೊಸ್ಟಾಟ್ ಪಟ್ಟಿಯೂ ಕೈಟೊಸಾನ್‌ನದೇ. ಏಡಿ ತಿಂದರೆ ಅಲರ್ಜಿಯಾಗುವವರ ಅಂಜಿಕೆಗೂ ಉತ್ತರವುಂಟು: ಅಲರ್ಜಿಗೆ ಮುಖ್ಯ ಕಾರಣ ಮಾಂಸದ ಪ್ರೋಟೀನು, ಶುದ್ಧೀಕರಿಸುವಾಗ ಅದನ್ನು ತೆಗೆಯುತ್ತಾರೆ. ಆದರೂ ವೈದ್ಯರಿಗೆ ಹೇಳಿಬಿಡುವುದು ಕ್ಷೇಮ.

ನನ್ನ ತಕರಾರು ವಿಡಿಯೊಗಳ ಮೇಲೆ. ಜೆಲ್ ತಾತ್ಕಾಲಿಕ ಬೆಣೆ ಮಾತ್ರ. ಹರಿದ ರಕ್ತನಾಳವನ್ನು ಹೊಲಿಯಬೇಕಾದವರು ಶಸ್ತ್ರವೈದ್ಯರೇ. ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಹೊರಗಿನ ಪಟ್ಟಿ ಏನೂ ಮಾಡದು. ಮನೆಯಲ್ಲಿ ಯಾರಿಗಾದರೂ ಆಳವಾದ ಗಾಯವಾದರೆ ಕಾಫಿಪುಡಿ, ಅರಿಸಿನ ತುಂಬಬೇಡಿ. ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತೇ ಎಂದು ಎತ್ತಿ ಎತ್ತಿ ನೋಡಬೇಡಿ, 108ಕ್ಕೆ ಕರೆ ಮಾಡಿ.