ಮಾಟುಂಗದ ಕಾವಲಿಗೆ ಬಂದ ಶೆಜ್ವಾನ್

ಮಾಟುಂಗ ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಬಿದ್ದರೆ ಮೊದಲು ಮಲ್ಲಿಗೆಯ ಪರಿಮಳ, ಆಮೇಲೆ ಕಾಫಿಪುಡಿಯದು. ಮಾರ್ಕೆಟ್ಟಿನಲ್ಲಿ ಬಾಳೆ ಎಲೆಯ ಕಟ್ಟು, ನುಗ್ಗೆಕಾಯಿ, ಸುವರ್ಣಗಡ್ಡೆ. ಮುಂಬೈಗೆ ಬಂದವನು ಇಲ್ಲಿ ಊರಿನ ರುಚಿ ಹುಡುಕುತ್ತಾ ಗಲ್ಲಿಯೊಂದರ ಸಣ್ಣ ಹೋಟೆಲಿಗೆ ಹೋಗಿ ಕೂತೆ. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ತರಿಸಿದ್ದು ಶೆಜ್ವಾನ್ ದೋಸೆ. ನಾನೂ ಅದನ್ನೇ ಹೇಳಿದೆ.

ಕೆಂಪಗೆ ಹೊಳೆಯುವ ದೋಸೆ ತಂದಿಟ್ಟ ಹಿರಿಯ ಸಪ್ಲೈಯರ್, ನನ್ನ ಮಾತು ಕೇಳಿದ್ದೇ ತಡ, "ಎಲ್ಲಾಯ್ತ್ ನಿಮ್ಗೆ?" ಎಂದರು. ಕುಂದಾಪ್ರದವರು. ಹದಿಮೂರರ ಪ್ರಾಯದಲ್ಲಿ ಲೋಟ ತೊಳೆಯಲು ಬಂದವರು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರು.

ದೋಸೆಯ ಅಂಚು ಮುರಿದು ತೋರಿಸಿ ಅವರೇ ವಿವರಿಸಿದರು. ಮೈಸೂರು ಮಸಾಲೆಗೆ ಸವರುವುದೂ ಒಣಮೆಣಸು, ಬೆಳ್ಳುಳ್ಳಿಯ ಕೆಂಪು ಚಟ್ನಿಯೇ. ಇದಕ್ಕೆ ಎಣ್ಣೆ ಜಾಸ್ತಿ, ಮೇಲಿಂದ ವಿನೆಗರ್ ಹುಳಿ, ಅಷ್ಟೆ. ಮಾತು ನಿಜ. ಶೆಜ್ವಾನ್ ಎಂಬ ಹೆಸರಿಗೆ ಮೂಲವಾದ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಗೆ ಜೀವವಾದ, ನಾಲಗೆ ಜುಮ್ಮೆನ್ನಿಸುವ ಅಲ್ಲಿನ ಕಾಳು ಇದರಲ್ಲಿಲ್ಲ. ಇದು ನಮ್ಮ ದೇಶದ ಚೀನೀ ರುಚಿ. ಗೋಬಿ ಮಂಚೂರಿಯ ಮೂಲವಾದ ಚಿಕನ್ ಮಂಚೂರಿಯನ್ ಕೂಡ ಇದೇ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ, 1975ರಲ್ಲಿ, ಕೋಲ್ಕತ್ತಾ ಮೂಲದ ಚೀನೀ ಬಾಣಸಿಗ ನೆಲ್ಸನ್ ವಾಂಗ್ ಕೈಯಲ್ಲಿ ಹುಟ್ಟಿದ್ದು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿಗೆ ಅವರು ಗರಂ ಮಸಾಲೆಯ ಬದಲು ಸೋಯಾ ಸಾಸ್ ಸೇರಿಸಿದರು. ದೋಸೆ ನನಗೆ ಇಷ್ಟವಾಯಿತು. ಆದರೆ ಆ ಖಾರದಡಿ ಉದ್ದಿನ ಹಿಟ್ಟಿನ ಹದವಾದ ಹುಳಿ ಮುಚ್ಚಿಹೋಗಿತ್ತು, ಅದೊಂದು ಬೇಸರ.

ಊರಿನ ರುಚಿ ಇಲ್ಲಿ ಬೇರೂರಿದ್ದಕ್ಕೂ ಕಾರಣವಿದೆ. ಮುಂಬೈಯಲ್ಲಿ 1896ರ ಪ್ಲೇಗಿನ ಬಳಿಕ ಸ್ಥಾಪನೆಯಾದ ಸುಧಾರಣಾ ಟ್ರಸ್ಟ್ ನಕ್ಷೆ ಹಾಕಿ ಬೆಳೆಸಿದ ಬಡಾವಣೆ ಮಾಟುಂಗ. ನೌಕರಿಗೆ ಬಂದ ದಕ್ಷಿಣದವರು ಇಲ್ಲಿ ನೆಲೆಯಾದರು. ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ. ಸ್ಟೇಷನ್ ಪಕ್ಕದಲ್ಲಿ ಎ. ರಾಮ ನಾಯಕ್ 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಈಗಲೂ ಬಾಳೆ ಎಲೆಯ ಊಟ ಸಿಗುತ್ತದೆ.

ನನ್ನ ಮೇಜಿನ ಹಿರಿಯ ಸಪ್ಲೈಯರ್ ಕೊರಗು ಶೆಜ್ವಾನ್ ಬಗ್ಗೆ ಅಲ್ಲ. "ಊರಿಂದ ಮಕ್ಕಳ್ ಬಪ್ದೇ ನಿಂತೋಯ್ತ್ ಮಾರ್ರೆ" ಎಂದರು. ಓದಿದವರು ಬೆಂಗಳೂರು, ದುಬೈ ಸೇರುತ್ತಾರೆ. ಕೆಲಸಕ್ಕೆ ಸಿಗುವವರು ಬಿಹಾರ, ಉತ್ತರ ಪ್ರದೇಶದ ಹುಡುಗರು. ಕಾವಲಿಗೆ ನೀರು ಚಿಮುಕಿಸಿ, ಚುಯ್ಯೆಂಬ ಸದ್ದಿನಲ್ಲೇ ಕಾವು ಅಳೆಯುವುದನ್ನು ಈಗ ಅವರಿಗೇ ಹೇಳಿಕೊಡುತ್ತಿದ್ದಾರೆ. ನಾನು ಮೈಸೂರು ಮಸಾಲೆಯನ್ನೂ ತರಲು ಹೇಳಿದೆ. ಮೇಜು ಒರೆಸುತ್ತಿದ್ದ ದರ್ಭಂಗಾದ ಹುಡುಗ ಅಡುಗೆಮನೆಯತ್ತ ತಿರುಗಿ, ಅಪ್ಪಟ ಕುಂದಾಪ್ರದ ಧಾಟಿಯಲ್ಲಿ ಕೂಗಿದ: "ಒಂದ್ ಮೈಸೂರ್ ಮಸಾಲಿ, ಚಟ್ನಿ ಜಾಸ್ತಿ!"