ಜೇನು ಬಿಯರ್‌ನಲ್ಲಿ ಜೇನನ್ನು ಹುಡುಕುವ ಬಗೆ

ಜೇನು ಹಾಕಿ ಮಾಡಿದ ಬಿಯರ್ ಎಂದರೆ ಸಿಹಿ ಬಿಯರ್ ಎಂದೇ ಬಹಳ ಜನರ ಎಣಿಕೆ. ಕುಡಿದಾಗ ಸಿಹಿ ಸಿಗದಿದ್ದರೆ ಜೇನನ್ನೇ ಹಾಕಿಲ್ಲವೇನೋ ಎಂಬ ಅನುಮಾನ ಬರುತ್ತದೆ. ನಿಜದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಜೇನಿನಲ್ಲಿ ಶೇ. 80ರಷ್ಟು ಸಕ್ಕರೆಯೇ, ಅದರಲ್ಲಿ ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಯೀಸ್ಟ್ ಇವೆರಡನ್ನೂ ಹೆಚ್ಚುಕಡಿಮೆ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಬಾರ್ಲಿ ಮಾಲ್ಟ್‌ನ ರಸದಲ್ಲಾದರೆ ಯೀಸ್ಟ್‌ಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಉಳಿದು ಬಿಯರ್‌ಗೆ ಮೈ ಕೊಡುತ್ತವೆ. ಆದ್ದರಿಂದ ಮಾಲ್ಟ್‌ನ ಒಂದು ಪಾಲು ತೆಗೆದು ಆ ಜಾಗಕ್ಕೆ ಜೇನು ಹಾಕಿದರೆ ಬಿಯರ್ ತೆಳ್ಳಗಾಗುತ್ತದೆ, ಸಿಹಿ ಇನ್ನೂ ತಗ್ಗುತ್ತದೆ.

ಹಾಗಾದರೆ ಜೇನು ಎಲ್ಲಿ ಹೋಯಿತು? ಉಳಿದಿದ್ದರೆ ಅದು ಘಮದಲ್ಲಿ ಉಳಿದಿರುತ್ತದೆ. ಹೂವಿನಿಂದ ಬಂದ ಆ ಘಮ ಬಿಸಿ ತಾಗಿದರೆ ಹಾರಿಹೋಗುವಂಥದ್ದು. ಜೇನನ್ನು ಒಂದು ಗಂಟೆ ಕುದಿಸಿದವರ ಬಿಯರ್‌ಗೂ ಸಕ್ಕರೆ ಸುರಿದವರ ಬಿಯರ್‌ಗೂ ದೊಡ್ಡ ವ್ಯತ್ಯಾಸವಿರದು. ಜಾಣರು ಕುದಿಯುವುದು ಮುಗಿಯುವ ಹೊತ್ತಿಗೆ ಹಾಕುತ್ತಾರೆ, ಇಲ್ಲವೇ ಹುದುಗುವಿಕೆಯ ಜೋರು ಇಳಿದ ಮೇಲೆ ಹಾಕುತ್ತಾರೆ. 2012ರಲ್ಲಿ ಅಮೆರಿಕದ ಶ್ವೇತಭವನ ತನ್ನ ಜೇನು ಬಿಯರ್‌ಗಳ ಪಾಕವಿಧಾನವನ್ನು ಬಹಿರಂಗಪಡಿಸಿತ್ತು. ಒಬಾಮ ಕಾಲದಲ್ಲಿ ಆವರಣದಲ್ಲೇ ಇಟ್ಟಿದ್ದ ಜೇನುಗೂಡಿನ ಜೇನು ಅದು. ಬ್ರೌನ್ ಏಲ್‌ನ ಪಾಕದಲ್ಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಜೇನನ್ನು ಕೊನೆಯ 5 ನಿಮಿಷಕ್ಕಷ್ಟೇ ಕುದಿಸಲು ಹೇಳಿದೆ. ಇದು ಸುಮಾರು 19 ಲೀಟರ್ ಬಿಯರ್‌ಗೆ. ಲೀಟರಿಗೆ ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು ಬೀಳುವ ಆ ಜೇನನ್ನು ಮೂಗು ಹಿಡಿಯಬೇಕೆಂದರೆ ಮೂಗಿಗೂ ಅವಕಾಶ ಕೊಡಬೇಕು.

ಅವಕಾಶ ಎಂದರೆ ಮೊದಲನೆಯದಾಗಿ ತಣ್ಣಗಿನ ಮಟ್ಟ. ನಮ್ಮಲ್ಲಿ ಬಿಯರ್ ಎಂದರೆ ಬಾಟಲಿಯ ಮೈಮೇಲೆ ನೀರು ಇಳಿಯುವಷ್ಟು ಚಿಲ್ ಆಗಿರಬೇಕು. ಬಿಸಿಲಿಗೆ ಅದೇ ಸರಿ, ಹೋಲಿಸಿ ನೋಡುವುದಕ್ಕೆ ಮಾತ್ರ ಅದು ಕೆಲಸಕ್ಕೆ ಬಾರದು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, 8ರಿಂದ 12 ಡಿಗ್ರಿಗೆ ಬಂದ ಮೇಲೆ ಸುರಿಯಿರಿ. ಅಗಲ ಹೊಟ್ಟೆಯ, ಬಾಯಿ ಕಿರಿದಾದ ಗ್ಲಾಸಾದರೆ ಒಳ್ಳೆಯದು. ವೈನ್ ಗ್ಲಾಸೂ ನಡೆಯುತ್ತದೆ. ಕಾಲು ಗ್ಲಾಸಷ್ಟೇ ಹಾಕಿ, ನೊರೆ ಇಳಿಯುವ ಮೊದಲೇ ಮೂಸಿ. ಒಂದು ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಜೇನು ಬಹಳ ಸಲ ಸಿಗುವುದು ಈ ಉಸಿರಿನಲ್ಲೇ. ನಡುನಡುವೆ ನೀರು, ಖಾರ ಹಾಕದ ಮಂಡಕ್ಕಿ ಸಾಕು. ಕಾಂಗ್ರೆಸ್ ಕಡಲೆಯನ್ನು ಮೇಜಿನಿಂದ ದೂರ ಇಡಿ.

ಯಾವುದರ ಪಕ್ಕ ಯಾವುದನ್ನು ಇಡಬೇಕು ಎನ್ನುವುದೂ ಮುಖ್ಯ. ಲಂಡನ್ನಿನ ಫುಲ್ಲರ್ಸ್‌ನ ಹನಿ ಡ್ಯೂ ಶೇ. 5ರ ಹೊಂಬಣ್ಣದ ಏಲ್, ಬೆಲ್ಜಿಯಂನ ಕೆನಾಸ್ಟ್ ಊರಿನ ಲೆಫೆವ್ರ್ ಬ್ರೂವರಿಯ ಬಾರ್ಬಾರ್ ಶೇ. 8ರದು. ಎರಡರಲ್ಲೂ ಜೇನಿದೆ ಎಂದು ಅಕ್ಕಪಕ್ಕ ಇಟ್ಟರೆ ನೀವು ಅಳೆಯುವುದು ಜೇನನ್ನಲ್ಲ, ಆಲ್ಕೋಹಾಲ್ ಮತ್ತು ಯೀಸ್ಟನ್ನು. ಹಗುರದಿಂದ ಭಾರಕ್ಕೆ ಹೋಗಿ. ಪ್ರತಿ ಜೇನು ಬಿಯರ್ ಜೊತೆಗೆ ಅದೇ ಬಗೆಯ ಜೇನಿಲ್ಲದ ಒಂದನ್ನು ಇಟ್ಟುಕೊಳ್ಳಿ. ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ, ಆಮೇಲೆ ನಾಲಿಗೆ ಸುಳ್ಳು ಹೇಳತೊಡಗುತ್ತದೆ.

ಇನ್ನು ಮೋಸ ಹೋಗುವ ಜಾಗಗಳು. ಕೆನಡಾದ ಗ್ಯಾಂಬ್ರಿನಸ್ ಕಂಪನಿ 'ಹನಿ ಮಾಲ್ಟ್' ಎಂಬ ಮಾಲ್ಟ್ ಮಾಡುತ್ತದೆ. ಅದರಲ್ಲಿ ಒಂದು ಹನಿ ಜೇನೂ ಇಲ್ಲ, ಆದರೆ ಬಿಯರ್‌ಗೆ ಜೇನಿನಂಥ ಸಿಹಿ ರುಚಿ ಕೊಡುತ್ತದೆ. ಎಷ್ಟೋ ಬ್ರೂವರ್‌ಗಳು ಇದನ್ನೂ ನಿಜವಾದ ಜೇನನ್ನೂ ಸೇರಿಸಿ ಹಾಕುತ್ತಾರೆ. ನನಗೆ ಇದರಲ್ಲಿ ತಕರಾರಿಲ್ಲ. ಜೇನು ಘಮ ಕೊಡಲಿ, ಮಾಲ್ಟ್ ಸಿಹಿ ಕೊಡಲಿ. ತಕರಾರಿರುವುದು ಇನ್ನೊಂದು ಬಗೆಯ ಜೇನಿನ ಬಗ್ಗೆ. ಬಿಯರ್ ಹಳತಾದಾಗ, ಅದರಲ್ಲೂ ಸೆಕೆಯಲ್ಲಿ ಇಟ್ಟ ಲಾಗರ್‌ನಲ್ಲಿ, ಆಕ್ಸಿಜನ್ ಸೇರಿ ಜೇನಿನ ವಾಸನೆಯೇ ಹುಟ್ಟುತ್ತದೆ. ಜೊತೆಗೆ ಒದ್ದೆ ರಟ್ಟಿನ ವಾಸನೆಯೂ ಇದ್ದರೆ, ಹೂವಿನ ಘಮ ಇಲ್ಲದೇ ಹೋದರೆ, ಬಾಟಲಿ ತಿರುಗಿಸಿ ತಯಾರಾದ ದಿನಾಂಕ ನೋಡಿ. ಬ್ರೂಪಬ್‌ನಲ್ಲಿ ಕುಳಿತಿದ್ದರೆ ಯಾವ ಜೇನು, ಯಾವ ಹಂತದಲ್ಲಿ ಹಾಕಿದಿರಿ ಎಂದು ಕೇಳಿ. ತಿಳಿ ಬಣ್ಣದ ಮೃದು ಜೇನಾದರೆ ಹಾಪ್ಸ್‌ನ ಕಹಿಯಡಿ ಮುಚ್ಚಿಹೋಗಬಹುದು. ಕಪ್ಪು ಬಣ್ಣದ ಗಡಸು ಜೇನು ಗಾಢ ಬಣ್ಣದ ಪೋರ್ಟರ್‌ನಲ್ಲೂ ತಲೆ ಎತ್ತುತ್ತದೆ.

ಹುದುಗಿದ ಜೇನಿಗೂ ಹುದುಗದ ಜೇನಿಗೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು. ಮಾಮೂಲಿ ಲಾಗರ್ ಎರಡು ಗ್ಲಾಸ್ ತೆಗೆದುಕೊಂಡು ಒಂದಕ್ಕೆ ಚಮಚ ನೀರಿನಲ್ಲಿ ಕರಗಿಸಿದ ಕಾಲು ಚಮಚ ಜೇನು, ಇನ್ನೊಂದಕ್ಕೆ ಬರೀ ನೀರು ಹಾಕಿ. ಎರಡನ್ನೂ ಒಂದೇ ಸಮನೆ ಕಲಕಿ, ಇಲ್ಲದಿದ್ದರೆ ಗ್ಯಾಸ್ ಹೋಗಿದ್ದರಿಂದ ಆದ ವ್ಯತ್ಯಾಸವೇ ಜೇನಿನದಾಗಿ ಕಾಣುತ್ತದೆ. ಮೂರನೆಯ ಗ್ಲಾಸಿನಲ್ಲಿ ನಿಜವಾದ ಜೇನು ಬಿಯರ್ ಇಡಿ. ಎರಡನೇ ಸುತ್ತಿಗೆ, ಜೇನು ಬಿಯರ್ ಮತ್ತು ಅದೇ ಬಗೆಯ ಜೇನಿಲ್ಲದ ಬಿಯರ್ ತೆಗೆದುಕೊಳ್ಳಿ. ಮೂರು ಗ್ಲಾಸುಗಳಲ್ಲಿ ಎರಡಕ್ಕೆ ಒಂದು, ಒಂದಕ್ಕೆ ಇನ್ನೊಂದು ಹಾಕಿಸಿ, ನಿಮಗೆ ಕಾಣದಂತೆ ಜೊತೆಗಾರರು ಜಾಗ ಬದಲಿಸಲಿ. ಒಂಟಿ ಗ್ಲಾಸ್ ಯಾವುದೆಂದು ಗುರುತಿಸಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೇ ಸುತ್ತನ್ನು ನಂಬದೆ ನಾಲ್ಕೈದು ಸಲ ಆಡಿ. ಗುಟುಕು ಚಿಕ್ಕದಿರಲಿ.